ಮೊದಲು ಗಾಳಿಮರ, ಕೊನೆಗೆ ಮನೆ

ಸೋಮೇಶ್ವರ ಉಚ್ಚಿಲದಲ್ಲಿ ನಮ್ಮ ಮನೆಗೂ ಕಡಲಿಗೂ ನಡುವೆ ಏನೇನಿತ್ತು ಎಂದು ಕೇಳಿದರೆ ಕಣ್ಣುಮುಚ್ಚಿ ಹೇಳಬಲ್ಲೆ. ಅಂಗಳ, ಬಟ್ಟೆ ಒಗೆಯುವ ಕಲ್ಲು, ಬಾವಿ, ತೆಂಗಿನ ಸಾಲು, ಗಾಳಿಮರದ ತೋಪು, ಬಲೆ ಒಣಹಾಕುವ ಜಾಗ, ಅದರಾಚೆ ಹೊಯಿಗೆ. ಕಡಲ ಕಡೆಯಿಂದ ಒಂದೊಂದಾಗಿ ಹೋದವು. ಕೊನೆಗೆ ಮನೆ.

ಇದು ಒಂದು ಮಳೆಗಾಲದ ಕೆಲಸವಲ್ಲ. ಮಳೆಗಾಲದಲ್ಲಿ ಕಡಲು ಹೊಯಿಗೆ ಎಳೆದುಕೊಂಡು ಹೋಗುವುದು, ಚೌತಿ ಕಳೆದ ಮೇಲೆ ಮೆಲ್ಲಗೆ ತಂದು ಹಾಕುವುದು ನಮಗೆ ಹೊಸತಲ್ಲ. ನಾನು ಮದುವೆಯಾಗಿ ಬಂದ ಕಾಲಕ್ಕೆ ದೀಪಾವಳಿಯ ಹೊತ್ತಿಗೆಲ್ಲ ದಡ ಮತ್ತೆ ಅಗಲವಾಗಿರುತ್ತಿತ್ತು. ಕೈರಂಪಣಿಯವರು ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುತ್ತಿದ್ದರು. ಆಮೇಲಾಮೇಲೆ ಒಯ್ದಷ್ಟು ವಾಪಸು ಬರಲಿಲ್ಲ. ಗಾಳಿಮರಗಳ ಬೇರು ಹೊರಗೆ ಕಾಣತೊಡಗಿತು. ತೆಂಗಿನಮರಗಳು ಫಲ ಹೊತ್ತುಕೊಂಡೇ ವಾಲಿದವು. ಬಾವಿಯ ನೀರು ಉಪ್ಪಾಯಿತು, ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಬಾವಿ ಎದುರಿಗಿದ್ದೂ ಪಂಚಾಯತಿನ ನಳ್ಳಿಗೆ ಕೊಡ ಹಿಡಿದು ಹೋಗಬೇಕಾಯಿತು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ, ನಾವು ಮಾಡಿಗೆ ಟಾರ್ಪಾಲು ಸಹ ಹೊದಿಸಿರಲಿಲ್ಲ. ಕೊರೊನಾ ಲಾಕ್‌ಡೌನ್ ಬೇರೆ. ಗಾಳಿ ಎದ್ದ ದಿನ ಪಕ್ಕದ ಬ್ಯಾರಿಗಳ ಮನೆಯ ಹುಡುಗ ಬೇಲಿಯಾಚೆಯಿಂದ, "ಅಕ್ಕಾ, ಅಜ್ಜಿಯನ್ನು ಮೊದಲು ಕರಕೊಂಡು ಹೋಗಿ, ಸಾಮಾನು ನಾವು ನೋಡಿಕೊಳ್ತೇವೆ" ಎಂದ. ಅತ್ತೆ ಏಳಲೊಲ್ಲರು. "ಈ ಕಡಲನ್ನು ನಾನು ನಿನಗಿಂತ ಮೊದಲು ನೋಡಿದವಳು" ಎಂದು ಮಂಚ ಹಿಡಿದು ಕೂತರು. ನಮ್ಮವರು ಮಾತಾಡದೆ ಅವರನ್ನು ಎತ್ತಿಕೊಂಡು ರಸ್ತೆಯವರೆಗೆ ನಡೆದರು.

ಬೆಳಿಗ್ಗೆ ಉಬ್ಬರ ಇಳಿದಾಗ ನಾವು ತಿರುಗಿ ಬಂದೆವು. ಮನೆ ನಿಂತೇ ಇತ್ತು. ಜಗಲಿಯ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು. ಬಗ್ಗಿ ನೋಡಿದರೆ ಪಂಚಾಂಗದ ಕೆಳಗಿನ ಹೊಯಿಗೆ ಅರ್ಧಕ್ಕರ್ಧ ಖಾಲಿ, ಕೆಂಪುಕಲ್ಲಿನ ಸಾಲು ಗಾಳಿಯಲ್ಲಿ ತೂಗುತ್ತಿತ್ತು. ಮುಂದಿನ ಉಬ್ಬರಕ್ಕೆ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ನೆರೆಕರೆಯವರು ಸೇರಿ ಹಂಚು ಇಳಿಸಿದರು. ಮಾಡಿನ ಮೇಲೆ ಇಬ್ಬರು, ಕೆಳಗೆ ಕೈಯಿಂದ ಕೈಗೆ ದಾಟಿಸುವ ಸಾಲು, ಮುಖಕ್ಕೆಲ್ಲ ಮಾಸ್ಕ್. ನಾನು ಕೊನೆಯಲ್ಲಿ ನಿಂತು ಅಡಕುತ್ತಿದ್ದೆ. ಹಂಚಿನ ಒಳಮೈಯಲ್ಲಿ ನನ್ನದೇ ಅಡುಗೆಯ ಹೊಗೆಯ ಕರಿ, ಕೈಗೆಲ್ಲ ಮೆತ್ತಿಕೊಂಡಿತು. ಪಕ್ಕಾಸು, ರೀಪು, ಎರಡು ಬಾಗಿಲು ಬಿಚ್ಚಿದರು. ಮುಂಬಾಗಿಲ ದಾರಂದ ಬಿಡಿಸುವಷ್ಟರಲ್ಲಿ ನೀರು ಮತ್ತೆ ಏರಿತು. ಮೂಲೆಯ ಗೋಡೆ ಮೊದಲು ಕುಳಿತಿತು, ಆಮೇಲೆ ಅಡುಗೆಕೋಣೆ. ಬೀಳುವಾಗ ದೊಡ್ಡ ಸದ್ದೇನೂ ಆಗಲಿಲ್ಲ, ಗಾಳಿಯ ಅಬ್ಬರವೇ ಹೆಚ್ಚಿತ್ತು.

ಗಂಜಿ ಕೇಂದ್ರದ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟ ಕೊಟ್ಟರು, ಚೆನ್ನಾಗಿಯೇ ನೋಡಿಕೊಂಡರು. ಕಷ್ಟ ಶುರುವಾದದ್ದು ಆಮೇಲೆ. ಮಹಜರಿಗೆ ಬಂದವರು ಬಿದ್ದ ಮನೆಯ ಚಕ್ಕುಬಂದಿ ಕೇಳಿದರು. ಪಡುವಣ ಗಡಿ ಎಲ್ಲಿ ಎಂದರೆ ನಾನು ನೀರಿನ ಕಡೆ ಕೈ ತೋರಿಸಿದೆ. ಮನೆಗೆ ಸ್ವಲ್ಪ ಹಣ ಬಂತು. ಕಡಲಿನೊಳಗೆ ಹೋದ ಜಾಗಕ್ಕೆ ನಮಗೆ ಏನೂ ಬರಲಿಲ್ಲ. ಪಹಣಿಯಲ್ಲಿ ಅದು ಇನ್ನೂ ಇದೆ. ಉಳಿದ ತುಂಡಿನಲ್ಲಿ ಮನೆ ಕಟ್ಟುತ್ತೇವೆ ಎಂದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಅಡ್ಡ. ಬೇರೆ ಕಡೆ ಕೊಡಿ ಎಂದರೆ ಸರ್ಕಾರಿ ಜಾಗ ಇಲ್ಲ ಎಂಬ ಉತ್ತರ. ಅರ್ಜಿ ಹಿಡಿದು ಕಚೇರಿ ಮೆಟ್ಟಿಲಲ್ಲಿ ಕೂತು ಕೂತು ಅತ್ತೆಯ ಕಾಲು ಊದಿತು.

ಕಡಲು ಯಾಕೆ ಹೀಗಾಯಿತು? ನಾನು ಎಂಜಿನಿಯರಲ್ಲ, ಆದರೆ ದಡದಲ್ಲಿ ಬಾಳಿದವಳಿಗೆ ಕಣ್ಣಿದೆ. ನಮ್ಮ ಬಡಗಿಗೆ ನೇತ್ರಾವತಿ, ಗುರುಪುರ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆ. ಒಂದು ಬದಿ ಬೆಂಗ್ರೆ, ಇನ್ನೊಂದು ಬದಿ ಉಳ್ಳಾಲ. ದೋಣಿಗಳು ಸುರಕ್ಷಿತವಾಗಿ ಒಳಗೆ ಬರಲೆಂದು ಎರಡೂ ಬದಿ ಅಲೆ ತಡೆಯುವ ಬ್ರೇಕ್‌ವಾಟರ್ ಕಟ್ಟಿದರು. ದೋಣಿಯವರಿಗೆ ಅದು ಬೇಕೇ ಬೇಕು. ಆದರೆ ಬೆಂಗ್ರೆಯಲ್ಲಿ ಹೊಯಿಗೆ ತುಂಬುತ್ತ ಬಂತು, ಉಳ್ಳಾಲದ ಮೊಗವೀರಪಟ್ಣದ ಕಡೆ ಕೊರೆತ ಹತ್ತಿತು. ಅಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಅಲೆ ತಡೆಯುವ ರೀಫ್, ದಡದಲ್ಲಿ ಕಲ್ಲಿನ ಬರ್ಮ್ ಹಾಕಿದರು. ಎಷ್ಟೋ ಮನೆಗಳು ಉಳಿದವು, ಅವುಗಳಲ್ಲಿ ನಮ್ಮ ನೆಂಟರ ಮನೆಗಳೂ ಇವೆ, ಸಂತೋಷವೇ. ಆಮೇಲೆ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ಕೊರೆತ ಜೋರಾಯಿತು. ಅದರಿಂದಲೇ ಇದು ಎಂದು ನಾನು ಬೆರಳು ತೋರಿಸುವುದಿಲ್ಲ. ಆದರೆ ಕಡಲಿನ ಹೊಯಿಗೆ ಒಂದೇ ಕಡೆ ಕೂರುವುದಿಲ್ಲ. ಇಲ್ಲಿ ತಡೆದರೆ ಮುಂದಿನವರಿಗೆ ಕಡಿಮೆಯಾಗುತ್ತದೆ. ಒಂದು ಊರಿಗೆ ಕಲ್ಲು ಹಾಕುವಾಗ ಪಕ್ಕದ ಊರನ್ನೂ ಅಳೆಯಬೇಕಿತ್ತು.

ನಮ್ಮಲ್ಲೂ ಲಾರಿಗಟ್ಟಲೆ ಕಲ್ಲು ಬಂತು. ಬಂದದ್ದು ಜೂನಿನಲ್ಲಿ, ಅಲೆ ಎದೆಮಟ್ಟ ಹೊಡೆಯುವಾಗ. ಬುಡದಲ್ಲಿ ಜಲ್ಲಿಯ ಪದರವಾಗಲಿ ಜಿಯೋಟೆಕ್ಸ್‌ಟೈಲ್ ಹಾಸಾಗಲಿ ಇಲ್ಲದೆ ಹೊಯಿಗೆಯ ಮೇಲೆ ಸುಮ್ಮನೆ ಸುರಿದರು. ಅಲೆ ಬುಡ ಕೊರೆಯಿತು, ಕಲ್ಲು ಒಂದೊಂದಾಗಿ ಇಳಿಯಿತು. ಮರುವರ್ಷ ಅದೇ ಜಾಗಕ್ಕೆ ಮತ್ತೆ ಲಾರಿ. ಕಲ್ಲು ಬಿದ್ದಲ್ಲಿ ಕೈರಂಪಣಿ ಎಳೆಯಲಾಗದು, ನಾಡದೋಣಿ ಮೇಲೆ ಹತ್ತಿಸಲಾಗದು. ಮನೆ ಉಳಿಸಲು ಬಂದ ಕಲ್ಲು ಹೊಟ್ಟೆಪಾಡು ಕಿತ್ತುಕೊಂಡರೆ ಮೀನುಗಾರ ಅಲ್ಲಿ ಉಳಿದು ಮಾಡುವುದೇನು?

ಈಗ ತೊಕ್ಕೊಟ್ಟಿನಲ್ಲಿ ಬಾಡಿಗೆ ಮನೆ. ನಮ್ಮವರು ಬೆಳಗಿನ ಜಾವ ಮಂಗಳೂರಿನ ದಕ್ಕೆಗೆ ಹೋಗಿ ಬೇರೆಯವರ ಬೋಟಿನಲ್ಲಿ ದುಡಿಯುತ್ತಾರೆ. ಇಳಿಸಿದ ಹಂಚು ತಮ್ಮನ ಹಿತ್ತಿಲಲ್ಲಿದೆ. ನಾನು ಈಗಲೂ ಸಭೆ ಕರೆದಲ್ಲೆಲ್ಲ ಹೋಗುತ್ತೇನೆ, ಕೇಳುವುದೂ ಇದನ್ನೇ. ಕೆಲಸ ಮಾಡುವುದಾದರೆ ಕಡಲು ತಣ್ಣಗಿರುವ ಜನವರಿ, ಫೆಬ್ರವರಿಯಲ್ಲಿ ಮಾಡಿ. ಅಳಿವೆಯಲ್ಲಿ ಹೂಳೆತ್ತಿದ ಹೊಯಿಗೆಯನ್ನು ಕೊರೆದುಹೋದ ದಡಗಳಿಗೆ ತಂದು ಹಾಕಿ. ಉಳ್ಳಾಲದಿಂದ ತಲಪಾಡಿಯವರೆಗೆ ಒಂದೇ ದಡ ಎಂದು ಲೆಕ್ಕ ಹಿಡಿಯಿರಿ. ಜನರನ್ನು ಎಬ್ಬಿಸುವುದಾದರೆ ಕಡಲಿಗೆ ನಡೆದು ಹೋಗುವಷ್ಟು ಹತ್ತಿರ ಜಾಗ ಕೊಡಿ, ದೂರದ ಗುಡ್ಡದ ಮೇಲಲ್ಲ.

ನಮ್ಮ ಹಿಂದಿದ್ದ ಮನೆಗಳು ಈಗ ಮುಂದಿನ ಸಾಲು. ಆ ಬ್ಯಾರಿ ಹುಡುಗನ ಮನೆಯೂ ಅದರಲ್ಲಿದೆ, ಅವನಿಗೀಗ ಮದುವೆಯಾಗಿ ಮಗುವಿದೆ. ಅವರ ಕೈಗೆ ಜಾಗದ ಕಾಗದ ಬರಬೇಕಾದದ್ದು ಮನೆ ಬಿದ್ದ ಮೇಲಲ್ಲ, ಬರುವ ಮಳೆಗಾಲಕ್ಕೆ ಮೊದಲು.