ಕಾಲ್ವ್ ಪಟ್ಟಣದ ದಾರಿಯಲ್ಲಿ

ಸ್ಮರಣ ಸಂಚಿಕೆಗೆ ವರ್ಷಂಪ್ರತಿ ಶಾಲೆಯ ಸಮಾಚಾರವನ್ನೇ ಬರೆದುಕೊಡುವ ನಾನು ಈ ಸಲ ಒಂದು ಪ್ರವಾಸದ ವಿಷಯವನ್ನು ಬರೆಯಲು ಕುಳಿತಿರುವೆನು. ಕೇವಲ ವಿನೋದಕ್ಕಾಗಿ ಇದನ್ನು ಬರೆಯುತ್ತಿಲ್ಲವೆಂಬುದು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಓದುತ್ತ ತಿಳಿದುಬರುವುದು.

ಕಳೆದ ದಸರೆಯ ರಜೆಯಲ್ಲಿ ನಾನೂ, ಗಣಿತ ಬೋಧಿಸುವ ನನ್ನ ಗೆಳತಿಯೂ ಜರ್ಮನಿ ದೇಶದ ಸ್ಟುಟ್‌ಗಾರ್ಟ್ ನಗರಕ್ಕೆ ಹೋದೆವು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನಮ್ಮ ಬಾಲ್ಯಸ್ನೇಹಿತೆಯು ನಮ್ಮನ್ನು ಕರೆಸಿಕೊಂಡಿದ್ದಳು. ನಾವು ಮೂವರೂ ಒಂದೇ ಹಾಸ್ಟೆಲಿನಲ್ಲಿ, ಒಂದೇ ಸಾಲಿನ ಮಂಚಗಳಲ್ಲಿ ಮಲಗಿ ಬೆಳೆದವರು. ಪತಿಯು ತೀರಿಕೊಂಡ ಮೇಲೆ ಮನೆಯ ಸಾಲವನ್ನು ತೀರಿಸುವುದಕ್ಕಾಗಿ ಅವಳು ಆ ದೇಶಕ್ಕೆ ಹೋಗಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ಅವಳ ಒಬ್ಬಳೇ ಮಗಳು ನನ್ನ ಮೇಲ್ವಿಚಾರಣೆಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಇವರ ವಿಷಯವನ್ನು ತಾಯಿಮಗಳೀರ್ವರ ಅನುಮತಿಯಿಂದಲೇ ಬರೆಯುತ್ತಿದ್ದೇನೆ.

ಒಂದು ದಿನ ಮುಂಜಾನೆ ಅವಳ ಮೋಟಾರಿನಲ್ಲಿ ಪಶ್ಚಿಮದಿಕ್ಕಿಗೆ ಹೊರಟೆವು. ಆ ದೇಶದಲ್ಲಿ ಬಂಡಿಗಳು ರಸ್ತೆಯ ಬಲಮಗ್ಗುಲಲ್ಲಿ ಓಡುವುದರಿಂದ ಎದುರಿನಿಂದ ಲಾರಿ ಬಂದಾಗಲೆಲ್ಲ ನಾವೀರ್ವರು ಬೆದರುತ್ತಿದ್ದೆವು. ದಾರಿಯ ಎರಡು ಕಡೆಗಳಲ್ಲಿಯೂ ಹುಲ್ಲುಗಾವಲು, ನಡುನಡುವೆ ಹಣ್ಣು ಹೊತ್ತು ಬಾಗಿದ ಸೇಬಿನ ಮರಗಳು, ಒಣಗುತ್ತಿರುವ ಜೋಳದ ಹೊಲಗಳು. ಪ್ರತಿಯೊಂದು ಊರಿನ ಮೊದಲಲ್ಲಿ ಹಳದಿ ಫಲಕದ ಮೇಲೆ ಕಪ್ಪಕ್ಷರದಲ್ಲಿ ಊರಿನ ಹೆಸರು. ಅದನ್ನು ಕಂಡೊಡನೆ ಬಂಡಿಯ ವೇಗವನ್ನು ಗಂಟೆಗೆ 50 ಕಿಲೋಮೀಟರಿಗೆ ಇಳಿಸಬೇಕು. ಊರು ಮುಗಿಯುವಲ್ಲಿ ಅದೇ ಹೆಸರಿನ ಮೇಲೆ ಕೆಂಪು ಗೀರು. ಮುಂದೆ ಕರಿಯ ಕಾಡೆಂದು ಹೆಸರಾದ ಗುಡ್ಡಗಾಡಿನ ಅಂಚು ಬಂದಿತು. ದಟ್ಟವಾದ ಫರ್ ಮರಗಳ ಮಧ್ಯದಿಂದ ರಸ್ತೆಯು ಇಳಿಯುತ್ತ ನಾಗೋಲ್ಡ್ ನದಿಯ ದಡದಲ್ಲಿರುವ ಕಾಲ್ವ್ ಎಂಬ ಚಿಕ್ಕ ಪಟ್ಟಣವನ್ನು ಸೇರಿತು.

ಈ ಪಟ್ಟಣವನ್ನು ನೋಡಬೇಕೆಂಬುದು ನನ್ನ ಹಠವಾಗಿತ್ತು. ತಲಶ್ಶೇರಿಯಲ್ಲಿದ್ದು ಮಲೆಯಾಳ ಭಾಷೆಗೆ ಸೇವೆ ಸಲ್ಲಿಸಿದ ಹರ್ಮನ್ ಗುಂಡರ್ಟರು 1859ರಲ್ಲಿ ಸ್ವದೇಶಕ್ಕೆ ಮರಳಿ, ಮುಂದೆ ಇಲ್ಲಿಯೇ ನೆಲೆಸಿ, 1872ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಪ್ರಕಟಪಡಿಸಿ, 1893ರಲ್ಲಿ ತೀರಿಕೊಂಡರು. 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ ಇವರ ಮಗಳ ಮಗ. ಆತನು ಹುಟ್ಟಿದ್ದೂ ಈ ಊರಿನಲ್ಲಿಯೇ. ಆತನ ಕಂಚಿನ ಪ್ರತಿಮೆಯು ನಿಂತಿರುವ ಹಳೆಯ ಕಲ್ಲುಸೇತುವೆಯ ಮೇಲೆ ನಾನು ಗೆಳತಿಯರಿಗೆ ಗುಂಡರ್ಟರ ಪತ್ನಿ ಜೂಲಿಯವರ ಕಥೆಯನ್ನು ಹೇಳತೊಡಗಿದೆನು. ಆ ತಾಯಿಯು ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದವರು. 1842ರಲ್ಲಿ ಅಲ್ಲಿ ಹುಟ್ಟಿದ ತಮ್ಮ ಮಗಳು ಮರೀಯಳನ್ನು ಸುಮಾರು ನಾಲ್ಕು ವರ್ಷದವಳಿರುವಾಗಲೇ ಯುರೋಪಿನಲ್ಲಿ ಬಿಟ್ಟು, ಪರರ ಮಕ್ಕಳಿಗೆ ಕಲಿಸುವುದಕ್ಕೆಂದು ಹಿಂದಿರುಗಿದರು. ಮಗಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ತ್ಯಾಗಕ್ಕೆ ನಿದರ್ಶನವಾಗಿ ಈ ಕಥೆಯನ್ನು ನಾನು ಶಾಲೆಯ ಬೆಳಗಿನ ಸಭೆಯಲ್ಲಿ ಎಷ್ಟೋ ಸಲ ಹೇಳಿದ್ದುಂಟು.

ದಾದಿಯಾದ ಗೆಳತಿಯು ನೀರನ್ನೇ ನೋಡುತ್ತ, "ತ್ಯಾಗ ಯಾರದು? ಮಗುವನ್ನು ಯಾರಾದರೂ ಕೇಳಿದರೇ?" ಎಂದಳು. ನನ್ನಿಂದ ಉತ್ತರ ಬರಲಿಲ್ಲ.

ಅಲ್ಲಿಂದ ಟ್ಯೂಬಿಂಗನ್ ಪಟ್ಟಣದ ದಾರಿ ಹಿಡಿದೆವು. ನಾಲ್ಕಾರು ಊರುಗಳ ಹಳದಿ ಫಲಕಗಳು ಮಾತಿಲ್ಲದೆ ಕಳೆದುವು. ಆಮೇಲೆ ಅವಳು ದಾರಿಯಿಂದ ಕಣ್ಣು ತೆಗೆಯದೆಯೇ, "ನನ್ನ ಮಗಳು ರಾತ್ರಿಯಲ್ಲಿ ಅಳುತ್ತಾಳೆಯೇ? ನಿಜ ಹೇಳು" ಎಂದು ಕೇಳಿದಳು.

ಆ ಮಗು ಮೊದಲ ಟರ್ಮಿನಲ್ಲಿ ಬಹುಮಟ್ಟಿಗೆ ಪ್ರತಿ ರಾತ್ರಿಯೂ ಅತ್ತಿದ್ದಳು. ಎರಡು ಸಲ ಊಟವನ್ನೂ ಬಿಟ್ಟಿದ್ದಳು. ವಾರ್ಡನ್ ಬಂದು ತಿಳಿಸಿದಾಗ, "ಎಲ್ಲ ಮಕ್ಕಳೂ ಹೀಗೆಯೇ, ಒಗ್ಗಿಕೊಳ್ಳುತ್ತಾರೆ" ಎಂದು ನಾನು ಕಳುಹಿಸಿಬಿಟ್ಟಿದ್ದೆನು. ತಾಯಿಗೆ ಮಾತ್ರ "ಮಗಳು ಕ್ಷೇಮ, ಅಂಕಗಳು ಉತ್ತಮ" ಎಂದು ಬರೆದಿದ್ದೆನು. ಪರದೇಶದಲ್ಲಿರುವವಳ ಮನಸ್ಸನ್ನು ನೋಯಿಸಬಾರದೆಂಬುದು ನಾನು ನನಗೇ ಹೇಳಿಕೊಂಡ ಕಾರಣ. ಅವಳು ಮಗಳನ್ನು ಬಿಡಿಸಿಕೊಂಡು ಹೋದರೆ ನನ್ನ ಹಾಸ್ಟೆಲಿಗೆ ಕುಂದೆಂಬ ಯೋಚನೆಯೂ ಅದರ ಹಿಂದೆ ಇದ್ದಿತು. ಇವೆರಡನ್ನೂ ಆ ಬಂಡಿಯಲ್ಲಿ ಒಪ್ಪಿಕೊಂಡೆನು.

ಅವಳು ಬಂಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಅಲ್ಲೊಂದು ಮೇಜಿನ ಮೇಲೆ ಕುಂಬಳಕಾಯಿಗಳನ್ನೂ ಸೇಬುಗಳನ್ನೂ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬಿಯನ್ನಿರಿಸಿದ್ದರು, ಮಾರುವವರಾರೂ ಇರಲಿಲ್ಲ. ಗಣಿತದ ಗೆಳತಿಯು ನಮ್ಮನ್ನು ನಮ್ಮಷ್ಟಕ್ಕೆ ಬಿಟ್ಟು ಇಳಿದು ಹೋಗಿ, ಬೆಲೆಯನ್ನು ಲೆಕ್ಕಹಾಕಿ ಡಬ್ಬಿಯಲ್ಲಿ ನಾಣ್ಯಗಳನ್ನು ಹಾಕುತ್ತ ಬಹಳ ಹೊತ್ತು ನಿಂತಳು.

"ನೀನು ತಿಳಿಸಿದ್ದರೂ ನಾನು ಬರುವಂತಿರಲಿಲ್ಲ. ಆದರೆ ಅವಳು ಅಳುತ್ತಿದ್ದಾಳೆಂಬುದು ನನಗೆ ತಿಳಿದಿರಬೇಕಾಗಿತ್ತು" ಎಂದು ಮಾತ್ರ ಅವಳೆಂದಳು.

ಟ್ಯೂಬಿಂಗನ್ ಸೇರಿದೆವು. ನಮ್ಮ ಕನ್ನಡ ನಿಘಂಟಿನ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತ ವಿಶ್ವವಿದ್ಯಾಲಯವು ಅಲ್ಲಿಯದೇ. 1903ರಲ್ಲಿ ಅವರು ಕಾಲವಾದದ್ದೂ ಆ ಊರಿನಲ್ಲಿಯೇ. ಆ ಕುರಿತು ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳು ಹಾಗೆಯೇ ಉಳಿದುವು. ನೆಕ್ಕರ್ ನದಿಯ ದಡದಲ್ಲಿ ಕುಳಿತು ಅವಳು ಊರಿಗೆ ಫೋನ್ ಮಾಡಿದಳು. ಅಲ್ಲಿ ಸಂಜೆ ನಾಲ್ಕು ಗಂಟೆ. ಅಜ್ಜಿಯ ಮನೆಯಲ್ಲಿದ್ದ ಮಗಳಿಗೆ ರಾತ್ರಿ ಏಳೂವರೆ. ತಾಯಿಯು ನೇರವಾಗಿಯೇ ಕೇಳಿದಳು. ಸ್ವಲ್ಪ ತಡೆದು ಮಗಳು, "ಈಗ ದಿನಾಲೂ ಇಲ್ಲ ಅಮ್ಮಾ, ಎರಡನೆಯ ಶನಿವಾರ ಮಾತ್ರ" ಎಂದಳಂತೆ. ಎರಡನೆಯ ಶನಿವಾರವು ನಮ್ಮ ಹಾಸ್ಟೆಲಿನಲ್ಲಿ ತಂದೆತಾಯಿಗಳು ಮಕ್ಕಳನ್ನು ನೋಡಲು ಬರುವ ದಿನ.

ಕಳೆದ ಜೂನ್ ತಿಂಗಳು ಮೊದಲ್ಗೊಂಡು ತಿಂಗಳಿಗೊಮ್ಮೆ ಹತ್ತು ನಿಮಿಷ ಫೋನ್ ಎಂಬ ಹಳೆಯ ನಿಯಮವನ್ನು ತೆಗೆದು, ಪ್ರತಿ ಆದಿತ್ಯವಾರ ಸಂಜೆ ಮಕ್ಕಳು ಮನೆಯವರೊಂದಿಗೆ ಮಾತಾಡುವ ಏರ್ಪಾಡನ್ನು ಮಾಡಿದ್ದೇವೆ. ಮಾತಾಡಿದ ಮೇಲೆ ಕೆಲವು ಮಕ್ಕಳು ಹೆಚ್ಚು ಅಳುವರೆಂದು ವಾರ್ಡನ್ ಹೇಳುವುದುಂಟು, ಅದು ನಿಜವೇ. ಎರಡನೆಯ ಶನಿವಾರ ಯಾರೂ ಬಾರದ ಮಕ್ಕಳೊಂದಿಗೆ ನಾನೂ ಗಣಿತದ ಗೆಳತಿಯೂ ಮಧ್ಯಾಹ್ನದ ಊಟ ಮಾಡುತ್ತೇವೆ.

ಪೋಷಕರಲ್ಲಿ ನನ್ನ ಬಿನ್ನಹವಿಷ್ಟೇ: ಅಂಕಗಳಲ್ಲದೆ ಬೇರೆ ಸಂಗತಿಗಳನ್ನೂ ನಮ್ಮನ್ನು ಕೇಳಿರಿ. ಇದ್ದುದನ್ನು ಇದ್ದಂತೆ ತಿಳಿಸುವೆವು.