ಚಳಿಯ ಬೆನ್ನಿಗೆ ಉರಿ

ಪುಷ್ಯಮಾಸದ ಬೆಳಗು. ತುಂಗಭದ್ರೆಯ ಎಡದಂಡೆ ಕಾಲುವೆಗೆ ಎರಡನೆಯ ಬೆಳೆಯ ನೀರು ಬಿಟ್ಟ ವರ್ಷಗಳಲ್ಲಿ ಸಿಂಧನೂರಿನ ಗದ್ದೆಗಳಲ್ಲಿ ಹೆಣ್ಣುಮಕ್ಕಳು ತಣ್ಣನೆಯ ಕೆಸರಿನಲ್ಲಿ ನಿಂತು ನೆಲ್ಲಿನ ಸಸಿ ಹಚ್ಚುತ್ತಾರೆ. ಮಸ್ಕಿ, ಲಿಂಗಸುಗೂರುಗಳ ಎರೆಹೊಲಗಳಲ್ಲಿ ಇಬ್ಬನಿಗೆ ನೆನೆದ ಹತ್ತಿಯನ್ನು ಬಿಡಿಸುವವರ ಬೆರಳುಗಳೂ ಮರಗಟ್ಟುತ್ತವೆ. ಮನೆಗೆ ಬಂದು ಒಲೆಯ ಮುಂದೆ ಕುಳಿತೊಡನೆ ಅಂಗಾಲು, ಬೆರಳುಗಳಲ್ಲಿ ಖಾರ ಕುಟ್ಟಿದ ಕೈಯಂತಹ ಉರಿ. ‘ಮೈಯಾಗ ಉಷ್ಣ ಆಗ್ಯಾದ’ ಎಂದು ಹಿರಿಯರು ಹರಳೆಣ್ಣೆ ತಿಕ್ಕುತ್ತಾರೆ.

ಶೀತದಿಂದ ದಾಹವೆಂಬುದು ಮೇಲ್ನೋಟಕ್ಕೆ ವಿರೋಧಾಭಾಸ. ಆದರೆ ಪ್ರಾಚೀನರು ಇದನ್ನು ಬರಿಯ ಉಷ್ಣವೆಂದು ತಳ್ಳಿಹಾಕಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ಪಾದದಾಹವನ್ನು ವಾತವ್ಯಾಧಿಗಳಲ್ಲಿ ಸೇರಿಸಿ, ಪಿತ್ತರಕ್ತಗಳೊಡನೆ ಕೂಡಿದ ವಾತವನ್ನು ಅದಕ್ಕೆ ಕಾರಣವೆನ್ನುತ್ತದೆ. ಪಾದಗಳು ಜುಮುಗುಟ್ಟಿ ಮರಗಟ್ಟುವ ಪಾದಹರ್ಷವನ್ನು ಬೇರೆಯಾಗಿಯೇ ಎಣಿಸುತ್ತದೆ. ಇಂದಿನ ವೈದ್ಯರು ರಕ್ತನಾಳ, ನರಗಳೆರಡರಲ್ಲಿ ಕಾರಣವನ್ನು ಅರಸುತ್ತಾರೆ. ಇವೆರಡೂ ಒಂದೇ ಎಂದು ಸಾಧಿಸಹೊರಡುವುದು ಮಾತ್ರ ಪಾಂಡಿತ್ಯವಲ್ಲ.

ಚಳಿಗೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಸಂಕುಚಿಸುತ್ತವೆ; ಬೆಚ್ಚಗಾಗಿ ರಕ್ತವು ಮರಳಿ ಹರಿಯುವಾಗ ಕೆಲಹೊತ್ತು ಉರಿಯುವುದು ಸಹಜ. ಬೆರಳುಗಳು ಬಿಳಿಚಿ, ನೀಲಿಗಟ್ಟಿ, ಅನಂತರ ಕೆಂಪಾಗಿ ಉರಿದರೆ ಅದು 1862ರಲ್ಲಿ ಫ್ರೆಂಚ್ ವೈದ್ಯ ಮಾರಿಸ್ ರೇನೋ ವರ್ಣಿಸಿದ ವಿಕಾರವಿರಬಹುದು. ತೇವದ ಚಳಿ ತಾಗಿದ ಕೆಲವು ಗಂಟೆಗಳ ಬಳಿಕ ತುರಿಕೆಯೊಡನೆ ಕೆಂಪು ಬಾವು ಏಳುವುದು ಇನ್ನೊಂದು ಬಗೆ. ಇವು ಕಣ್ಣಿಗೆ ಕಾಣುವಂಥವು.

ಕಾಣದಿರುವುದು ನರಗಳ ದೌರ್ಬಲ್ಯ. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಂದತೆ, ಬಿ-12 ಜೀವಸತ್ತ್ವದ ಕೊರತೆ ಇವುಗಳಿಂದ ಅದು ಬರುತ್ತದೆ; ಚಳಿ ಅದನ್ನು ಎತ್ತಿ ತೋರಿಸುತ್ತದೆ. ಶಾಕಾಹಾರವೇ ಆಚಾರವಾಗಿರುವ ಮನೆಗಳು ಬಿ-12ರ ವಿಚಾರವನ್ನು ಲಕ್ಷಿಸಬೇಕು. ರೊಟ್ಟಿ, ಪಲ್ಯ, ಕಾಳುಗಳಲ್ಲಿ ಅದಿಲ್ಲ, ಹಾಲು ಮೊಸರುಗಳಲ್ಲಿದೆ. ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹ ಕುಡಿಸುವ ಮನೆಗಳೂ ಉಂಟು!

ಸಕ್ಕರೆ ಕಾಯಿಲೆಯವರ ಸಂಗತಿ ಇನ್ನೂ ಘೋರ. ಉರಿಯುವ ಕಾಲೇ ಸ್ಪರ್ಶಜ್ಞಾನವನ್ನು ಕಳೆದುಕೊಂಡಿರಬಹುದು. ಅಂಥವರು ಚಳಿ ಕಾಯಲೆಂದು ಕೆಂಡದೆಡೆಗೆ ಕಾಲು ಚಾಚಿದರೆ, ಕಾದ ನೀರಿನಲ್ಲಿ ಇಟ್ಟರೆ, ಚರ್ಮ ಸುಟ್ಟುದು ಅರಿವಿಗೇ ಬಾರದು. ಗುಳ್ಳೆ ಹುಣ್ಣಾಗಿ, ಹುಣ್ಣು ಕೊಳೆತು, ಕಾಲನ್ನೇ ಕತ್ತರಿಸುವ ಪ್ರಸಂಗ ಒದಗುವುದುಂಟು. ಒದ್ದೆಯನ್ನೊರೆಸಿ, ಒಣಬಟ್ಟೆ ಸುತ್ತಿ ಮೆಲ್ಲನೆ ಬೆಚ್ಚಗಾಗಿಸುವುದೇ ಕ್ಷೇಮ.

ಉರಿ ದಿನದಿನವೂ ಮರಳುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಒಂದು ದಿನದ ಕೂಲಿ ತಪ್ಪುತ್ತದೆ, ನಿಜ. ಸಸಿ ಹಚ್ಚುವುದು ಮುಗಿಯಲೆಂದು ಹೆಣ್ಣುಮಕ್ಕಳು ಉರಿಯನ್ನು ನುಂಗಿಕೊಂಡು ಕಾಯುವುದು ಆ ಕೂಲಿಗಾಗಿಯೇ.