ಕಂಬಳಿಯ ಜಿಡ್ಡು

ನೀರಿಗಾಗಿ ಕನ್ನಂಬಾಡಿಯತ್ತ ಮುಖಮಾಡಿ ಕೂಡುವ ಮಂಡ್ಯ ಸೀಮೆಯವರಿಗೂ ನೀರು ಬೇಡವೆನಿಸುವ ಹೊತ್ತು ಒಂದುಂಟು. ಅದು ಹೆಗಲ ಮೇಲೆ ಸುರಿಯುವಾಗ. ನಾಟಿಯ ಕಾಲದ ಸೋನೆಯಲ್ಲಿ ಗದ್ದೆಗಿಳಿದವನಿಗೆ ಕಾಲ ಕೆಳಗೆ ನೀರು ಬೇಕು, ಬೆನ್ನ ಮೇಲೆ ಬೇಡ. ಈ ಎರಡು ಬಯಕೆಗಳಿಗೂ ರಾಜಿ ಮಾಡಿಸುತ್ತಿದ್ದುದು ಕಂಬಳಿಯ ಕೊಪ್ಪೆ.

ನಮ್ಮ ಗುತ್ತಲು ಇಂದು ಮಂಡ್ಯ ನಗರದೊಳಗೇ ಸೇರಿಹೋಗಿದೆ. ಕೊಪ್ಪೆ ಹೊದ್ದವರು ಅಪರೂಪ. ಬಣ್ಣಬಣ್ಣದ ಪ್ಲಾಸ್ಟಿಕ್ ಅಂಗಿಗಳದೇ ದರ್ಬಾರು. ಆದರೂ ನಮ್ಮ ಮನೆಯಲ್ಲಿ ಅಜ್ಜನ ಕಂಬಳಿಯೊಂದು ಉಳಿದುಬಂದಿದೆ. ಅದರ ವಿಷಯವಾಗಿ ವರ್ಷಕ್ಕೊಮ್ಮೆ ವ್ಯಾಜ್ಯ ತಪ್ಪದು. ವಾಸನೆ ಹೊಡೆಯುತ್ತದೆ, ಸೋಪಿನ ಪುಡಿಯಲ್ಲಿ ನೆನೆಹಾಕೋಣವೆಂದು ಅತ್ತಿಗೆ, ಕೂಡದೆಂದು ಅಪ್ಪ.

"ಸೋಪು ಮುಟ್ಟಿಸಬ್ಯಾಡ ಕಣವ್ವ. ಜಿಡ್ಡು ಹೋದ್ರೆ ಅದು ಕಂಬಳಿ ಅಲ್ಲ, ಗೋಣಿಚೀಲ."

ಈ ಮಾತಿನಲ್ಲಿ ಒಳ್ಳೆಯ ರಸಾಯನಶಾಸ್ತ್ರವಿದೆ. ಕುರಿಯ ಚರ್ಮದಿಂದ ಒಸರುವ ಮೇಣದಂಥ ಜಿಡ್ಡು ಉಣ್ಣೆಯ ಎಳೆಯನ್ನು ಸುತ್ತಿಕೊಂಡಿರುತ್ತದೆ. ನೀರು ಅದರ ಮೇಲೆ ಹರಡಲಾರದೆ ಹನಿಗಟ್ಟಿ ಜಾರುತ್ತದೆ. ಕಂಬಳಿ ನೇಯುವ ಕುರುಬರು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವುದೂ ಉಂಟು. ಆ ಗಂಜಿಯೋ, ಉದ್ದುದ್ದ ಸರಪಣಿಯಂಥ ಅಣುಗಳ ವಸ್ತು. ಇಂದಿನ ಭಾಷೆಯಲ್ಲಿ ಪಾಲಿಮರ್. (ನಮ್ಮ ಬಂಡೂರು ಕುರಿಯ ಹೆಸರೆತ್ತಿದರೆ ಉಣ್ಣೆಯ ನೆನಪು ಯಾರಿಗೂ ಬರುವುದಿಲ್ಲ, ಆ ಮಾತು ಬೇರೆ.)

ಇನ್ನು ಸೋಪು. ಅದರ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ಜಿಡ್ಡೆಂದರೆ ಪ್ರೀತಿ. ಎರಡು ಮನೆಗೂ ನೆಂಟನಾದ ಈತ ಜಿಡ್ಡನ್ನು ಕೈಹಿಡಿದು ನೀರಿನ ಮನೆಗೆ ಕರೆದೊಯ್ಯುತ್ತಾನೆ. ಸೋಜಿಗವೆಂದರೆ, ಇದೇ ಸೋಪಿನಿಂದ ನೀರನ್ನು ಅಟ್ಟಲೂ ಬರುತ್ತದೆ! ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಆಮೇಲೆ ಪಟಿಕದ ನೀರಿನಲ್ಲಿ ಅದ್ದುವುದು ಹಳೆಯ ಉಪಾಯ. ಪಟಿಕದೊಳಗಿನ ಅಲ್ಯೂಮಿನಿಯಂ ಸೋಪಿನ ತಲೆಯನ್ನು ಹಿಡಿದುಬಿಡುತ್ತದೆ; ನೀರಿನಲ್ಲಿ ಕರಗದ ಲೇಪ ಎಳೆಗೆ ಅಂಟುತ್ತದೆ; ಹೊರಗೆ ಉಳಿಯುವುದು ನೀರನ್ನು ಕಂಡರಾಗದ ಬಾಲಗಳು.

ಈಗಿನ ವಿಜ್ಞಾನಿಗಳು ಈ ಜಾಡಿನಲ್ಲೇ ಮುಂದೆ ಹೋಗಿದ್ದಾರೆ. ನೀರಿನಲ್ಲಿ ನೆನೆದ ಹತ್ತಿ ಋಣ ವಿದ್ಯುದಂಶವನ್ನು ತಳೆಯುತ್ತದೆ. ಅದಕ್ಕೆ ಧನ ವಿದ್ಯುದಂಶದ ಪಾಲಿಮರನ್ನು ಬಳಿದರೆ ತಾನಾಗಿ ಅಂಟುತ್ತದೆ. ಅದರ ಮೇಲೆ ಋಣ, ಮತ್ತೆ ಧನ, ಹೀಗೆ ಪದರದ ಮೇಲೆ ಪದರ. ಕೊನೆಗೆ ಸೋಪಿನ ಜಾತಿಯ ಅಣುಗಳು ತಲೆಯನ್ನು ಒಳಗಿಟ್ಟು ಬಾಲವನ್ನು ಹೊರಚಾಚಿ ಕೂಡುತ್ತವೆ. ಪದರ ಕಟ್ಟುವ ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ರೂಢಿಗೆ ತಂದವರಲ್ಲಿ ಗೇರೋ ಡೆಷರ್ ಪ್ರಮುಖರು.

ಇದು ಬರಿಯ ಬುದ್ಧಿಯ ಆಟವಲ್ಲ. ದುಬಾರಿ ಮಳೆಯಂಗಿಗಳಿಗೆ ಬಹುಕಾಲ ಬಳಿದುದು ಫ್ಲೋರಿನ್ ಬೆರೆತ ಲೇಪಗಳನ್ನು. ಅವು ಮಳೆಯನ್ನು ಚೆನ್ನಾಗಿಯೇ ಅಟ್ಟುತ್ತವೆ. ಆದರೆ ಅವುಗಳ ಅಂಶ ಕೊಳೆಯದೆ ನದಿಗೆ, ಅಲ್ಲಿಂದ ಮನುಷ್ಯರ ರಕ್ತಕ್ಕೆ ಸೇರುತ್ತದೆ. ಈ ಬಳಗದ ಒಂದು ವಸ್ತುವನ್ನು 2009ರಲ್ಲಿ, ಇನ್ನೊಂದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಒಂದೇ ನದಿಯ ನೀರನ್ನು ಕುಡಿಯಲೂ ಬೆಳೆಯಲೂ ನಂಬಿದ ನಮಗೆ ಇದು ದೂರದ ಸುದ್ದಿಯೆನಿಸದು.

ಫ್ಲೋರಿನ್ ಇಲ್ಲದ ಪದರಗಳಿಗೆ ಒಂದು ತೊಡಕಿದೆ. ಸೋಪು ಹಾಕಿ ತಿಕ್ಕಿದರೆ ಮೇಲಿನ ಅಣುಗಳು ಸಡಿಲಗೊಂಡು ಕಳಚಬಹುದು. ಎಷ್ಟು ಒಗೆತ ತಾಳೀತೆಂಬುದೇ ಈಗ ಪ್ರಯೋಗಶಾಲೆಗಳ ತಲೆನೋವು.